ಮುಂಬೈಯಲ್ಲಿ ಮೂರು ದಿನ: ಕಾರು ಗೊತ್ತು ಮಾಡುವ ಮೊದಲು ಯಾವ ದಿನ ಎಲ್ಲಿಗೆ ಎಂಬುದನ್ನು ನೋಡಿಕೊಳ್ಳಿ

ಹಾವೇರಿಯಿಂದ ವಯಸ್ಸಾದ ತಾಯಿಯವರನ್ನೂ ತಂಗಿಯನ್ನೂ ಕರೆದುಕೊಂಡು ಹೊರಟಿದ್ದೀರಿ, ಶನಿವಾರ, ರವಿವಾರ, ಸೋಮವಾರ ಮುಂಬೈಯಲ್ಲಿದ್ದು ಊರು ನೋಡಿ ತಂಗಿಯ ಮದುವೆಯ ಜವಳಿಯನ್ನೂ ತರಬೇಕು, ಮೂರೂ ದಿನಕ್ಕೆ ಕಾರು ಮಾಡುವುದೋ ಲೋಕಲ್ ರೈಲಿನಲ್ಲಿ ತಿರುಗುವುದೋ ಎಂದು ಕೇಳಿದ್ದೀರಿ. ನಮ್ಮದೂ ಅವೇ ಮೂರು ದಿನ, ಅದೇ ಜವಳಿ, ಜೊತೆಗೆ ಮೊಣಕಾಲು ನೋವಿನ ಅವ್ವ. ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳ ಮದುವೆಗೆಂದು ನಾವು ಗದಗದಿಂದ ಹೀಗೆಯೇ ಹೊರಟಿದ್ದೆವು, ಮತ್ತು ನಾನೂ ಹೊರಡುವ ತನಕ ಕಾರಿನ ವಿಚಾರವನ್ನಷ್ಟೇ ಮಾಡಿದ್ದೆ.

ಶನಿವಾರ ಬೆಳಗ್ಗೆ, ನಮ್ಮ ಕಡೆಯ ಹಿರಿಯರು ಇಂದಿಗೂ ವಿ.ಟಿ. ಎನ್ನುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ (ಸಿ.ಎಸ್.ಎಂ.ಟಿ.) ಇಳಿದೆವು. ಗೊತ್ತು ಮಾಡಿದ್ದ ಕಾರು ಬಂದಿತು. ಸಿದ್ಧಿವಿನಾಯಕ, ಬಾಂದ್ರಾ, ಜುಹೂ ಎಂದು ದಿನವಿಡೀ ಓಡಾಡಿದೆವು. ಓಡಾಡಿದೆವು ಎನ್ನುವುದಕ್ಕಿಂತ ಸಿಗ್ನಲ್‌ಗಳಲ್ಲಿ ನಿಂತೆವು ಎನ್ನುವುದೇ ಸರಿ. ಕ್ರಾಫರ್ಡ್ ಮಾರ್ಕೆಟ್ಟಿನ ಎದುರು ಕಾರು ಸಿಕ್ಕಿಕೊಂಡಾಗ ಅವ್ವ ಕಿಟಕಿಯಿಂದ ನೋಡಿ, "ಇಲ್ಲೇ ಇಳದು ಅರಿವಿ ತಗೊಂಡ ಬಿಡೋಣಲ್ಲ" ಎಂದಳು. "ನಾಳೆ ಬರೋಣವ್ವಾ, ಅದಕ್ಕಂತನ ಒಂದ ದಿನಾ ಇಟ್ಟೀನಿ" ಎಂದೆ.

ನನ್ನ ತಪ್ಪು ಇಲ್ಲಿಯೇ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಅವಸರದಲ್ಲಿ ಆದ ತಪ್ಪಲ್ಲ. ಊರಿನಲ್ಲಿ ಕುಳಿತು, ಹಾಳೆಯ ಮೇಲೆ ಬರೆದು, ಯೋಚಿಸಿಯೇ ಮಾಡಿದ್ದು. ರವಿವಾರ ಕಚೇರಿಗಳಿಗೆ ರಜೆ, ಗದ್ದಲ ಕಡಿಮೆ, ಆದ್ದರಿಂದ ಅಂಗಡಿಯಲ್ಲಿ ನಿರಾಳವಾಗಿ ಕುಳಿತು ಚೌಕಾಸಿ ಮಾಡಬಹುದು ಎಂದು ಜವಳಿಯನ್ನು ರವಿವಾರಕ್ಕೆ ಇಟ್ಟೆ. ಸೋಮವಾರ ಶಿವನ ವಾರ. ಪ್ರತಿ ಸೋಮವಾರ ತ್ರಿಕೂಟೇಶ್ವರನ ಗುಡಿಗೆ ಹೋಗಿ ಬಂದ ಮೇಲೆಯೇ ಬಾಯಿಗೆ ನೀರು ಹಾಕುವ ಅವ್ವನಿಗೆ ಅಂದು ಎಲಿಫಂಟಾ ದ್ವೀಪದ, ಅಂದರೆ ಘಾರಾಪುರಿಯ, ಗುಹೆಯ ಮೂರು ಮುಖದ ಸದಾಶಿವನನ್ನು ತೋರಿಸಬೇಕು ಎಂದು ಎಲಿಫಂಟಾವನ್ನು ಸೋಮವಾರಕ್ಕೆ ಇಟ್ಟೆ. ಲೆಕ್ಕ ಎಷ್ಟು ಚೆಂದ ಕೂಡಿತ್ತೆಂದರೆ, ಯಾರನ್ನಾದರೂ ಒಂದು ಮಾತು ಕೇಳಬೇಕು ಎಂದು ಅನ್ನಿಸಲೇ ಇಲ್ಲ.

ರವಿವಾರ ಮಂಗಳದಾಸ ಮಾರ್ಕೆಟ್ಟಿಗೆ ಹೋದರೆ ಬಾಗಿಲು ಹಾಕಿತ್ತು. ಆ ಬಟ್ಟೆಪೇಟೆಗೆ ರವಿವಾರವೇ ರಜೆ. ಹೋಗಲಿ, ಲೋಕಲ್ ಹಿಡಿದು ದಾದರಿಗಾದರೂ ಹೋಗೋಣ ಎಂದರೆ, ಹಳಿ ದುರಸ್ತಿಗಾಗಿ ರವಿವಾರಗಳಂದು ಮಾಡುವ ಮೆಗಾ ಬ್ಲಾಕ್ ಇತ್ತು. ತಡವಾಗಿ ಬಂದ ಗಾಡಿಗೆ ಎರಡು ಗಾಡಿಯ ಜನ ಹತ್ತಿದ್ದರು. ಸೋಮವಾರ ಬೆಳಗ್ಗೆ ಗೇಟ್‌ವೇ ಆಫ್ ಇಂಡಿಯಾದ ಬಳಿ ದೋಣಿಯವನು "ಆಜ್ ಬಂದ್ ಆಹೇ" ಎಂದ. ಅವ್ವ ಅವನನ್ನೂ ನನ್ನನ್ನೂ ನೋಡಿ, "ಸೋಮಾರ ದಿವಸ ಶಿವನ ಗುಡಿ ಬಾಗಲಾ ಹಾಕತಾರೇನಪಾ?" ಎಂದು ಕೇಳಿದಳು.

ಹಾಕುತ್ತಾರೆ, ಏಕೆಂದರೆ ಅದು ನಾವು ತಿಳಿದ ಹಾಗೆ ನಡೆಯುವ ಗುಡಿಯಲ್ಲ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಅದರ ವಾರದ ರಜೆ ಸೋಮವಾರ. ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಅವ್ವನಿಗೆ ಐಹೊಳೆಯ ರವಿಕೀರ್ತಿಯ ಶಾಸನದ ಕಥೆ ಹೇಳಿದ್ದೆ: ಇಮ್ಮಡಿ ಪುಲಿಕೇಶಿ ಪಡುವಣ ಕಡಲಿನ ಲಕ್ಷ್ಮಿಯಂತಿದ್ದ ಪುರಿಯನ್ನು ಹಡಗುಗಳಿಂದ ಮುತ್ತಿದನೆಂದೂ, ಆ ಪುರಿ ಇದೇ ಘಾರಾಪುರಿ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆಂದೂ. ಕ್ರಿ.ಶ. 634ರ ಶಾಸನವನ್ನು ಬಲ್ಲವನಿಗೆ ಸೋಮವಾರದ ರಜೆ ಗೊತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂದು ಹೇಳಬೇಕಾಗಿದೆ. ಕಾರೋ ರೈಲೋ ಎಂಬುದು ಆಮೇಲಿನ ಮಾತು. ಶನಿವಾರ ಇಳಿದ ದಿನವೇ ಜವಳಿ ಮುಗಿಸಿ. ಕ್ರಾಫರ್ಡ್ ಮಾರ್ಕೆಟ್ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ಹತ್ತಿರ, ಮಂಗಳದಾಸ ಅದಕ್ಕೆ ಅಂಟಿಕೊಂಡಂತಿದೆ. ಆದರೆ ಅಲ್ಲಿ ತಾನಿನ ಬಟ್ಟೆ, ಡ್ರೆಸ್ ಮಟೀರಿಯಲ್ ಮಾತ್ರ ಕೊಳ್ಳಿ. ಮದುವೆಯ ಸೀರೆಗೆ ಮುಂಬೈ ಏಕೆ? ಬೆಟಗೇರಿಯ ಮಗ್ಗಗಳೂ ಹುಬ್ಬಳ್ಳಿಯ ಜವಳಿ ಸಾಲ ಎಂಬ ಬಟ್ಟೆಪೇಟೆಯೂ ಮಗ್ಗುಲಲ್ಲೇ ಇರುವಾಗ ಅಷ್ಟು ದೂರದಿಂದ ಸೀರೆ ಹೊತ್ತು ತರುವುದು ನನಗೆ ಇನ್ನೂ ಅರ್ಥವಾಗಿಲ್ಲ. ನಾವೂ ಕೊನೆಗೆ ಊರಿಗೆ ಮರಳಿ ಬೆಟಗೇರಿಯಲ್ಲೇ ತೆಗೆದೆವು.

ರವಿವಾರ ಬೆಳಗ್ಗೆ ಮೊದಲ ದೋಣಿಗಳಲ್ಲೇ ಘಾರಾಪುರಿಗೆ ಹೊರಡಿ. ಜನ ಹೆಚ್ಚಿರುತ್ತಾರೆ, ಸಹಿಸಿಕೊಳ್ಳಿ. ದೋಣಿಯಲ್ಲಿ ಸುಮಾರು ಒಂದು ತಾಸು. ಇಳಿದ ಮೇಲೆ ಗುಡ್ಡದ ಬುಡದವರೆಗೆ ಪುಟ್ಟ ರೈಲು ಇದೆ, ಅಲ್ಲಿಂದ ಸುಮಾರು 120 ಮೆಟ್ಟಿಲು. ತಾಯಿಯವರಿಗೆ ಹತ್ತಲಾಗದಿದ್ದರೆ ಕುರ್ಚಿಯಲ್ಲಿ ಹೊತ್ತು ಒಯ್ಯುವವರು ಸಿಗುತ್ತಾರೆ, ದರವನ್ನು ಕೆಳಗೇ ಮಾತಾಡಿಕೊಳ್ಳಿ. ಸಿದ್ಧಿವಿನಾಯಕನನ್ನು ಸೋಮವಾರಕ್ಕೆ ಇಡಿ. ಮಂಗಳವಾರದ ನೂಕುನುಗ್ಗಲು ಅಂದು ಇರುವುದಿಲ್ಲ. ಹಾಜಿ ಅಲಿಗೆ ಹೋಗುವುದಾದರೆ ಸಮುದ್ರದ ಉಬ್ಬರದ ವೇಳೆ ವಿಚಾರಿಸಿ, ಆಗ ದರ್ಗಾದ ದಾರಿ ನೀರಿನಲ್ಲಿ ಮುಳುಗಿರುತ್ತದೆ.

ಕಾರನ್ನು ನಾನಂತೂ ಮಾಡುವುದಿಲ್ಲ. ದಕ್ಷಿಣ ಮುಂಬೈಯಲ್ಲಿ ಮೀಟರಿನ ಟ್ಯಾಕ್ಸಿ ಸಾಕು. ಆಟೋಗಳನ್ನು ಹುಡುಕಬೇಡಿ, ಅವು ಬಾಂದ್ರಾ ಮತ್ತು ಸಾಯನ್‌ನಿಂದ ಈಚೆಗೆ ಬರುವಂತಿಲ್ಲ. ನಾವು ಹೋದಾಗ ಇಲ್ಲದ ಒಂದು ಅನುಕೂಲ ನಿಮಗಿದೆ: 2025ರ ಅಕ್ಟೋಬರಿನಿಂದ ಕಫ್ ಪರೇಡ್‌ನಿಂದ ಆರೆಯವರೆಗೆ ನೆಲದಡಿಯ ಮೆಟ್ರೋ ಪೂರ್ತಿ ಓಡುತ್ತಿದೆ, ಸಿ.ಎಸ್.ಎಂ.ಟಿ.ಯಲ್ಲಿ ಹತ್ತಿ ಸಿದ್ಧಿವಿನಾಯಕದಲ್ಲಿ ಇಳಿಯಬಹುದು. ಲೋಕಲ್ ಅನುಭವ ಬೇಕೇ ಬೇಕೆಂದರೆ ಸೋಮವಾರ ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿಯಲ್ಲಿ, ತಾಯಿಯವರೊಡನೆ ಹೆಂಗಸರ ಡಬ್ಬಿಗೆ ತಂಗಿಯನ್ನೂ ಹತ್ತಿಸಿ, ಇಳಿಯುವ ಸ್ಟೇಷನ್ನಿನ ಹೆಸರನ್ನು ಇಬ್ಬರಿಗೂ ಮೊದಲೇ ಹೇಳಿ ಹೋಗಿ.