ಕೇಪ್ ಎಮ್ಮೆಯ ಬೇಟೆಗೆ ಬೋಲ್ಟ್ ರೈಫಲ್ಲೋ, ಡಬಲ್ ರೈಫಲ್ಲೋ? ಮನೆಯ ಹಳೆಯ ಜೋಡುನಳಿಗೆ ನಡೆದೀತೇ?

ನೀವು ಕೇಳಿದ್ದು ಎರಡು ಮಾತು. ಈಗ ಕೆಲಸದ ಮೇಲೆ ಟಾಂಜಾನಿಯಾದಲ್ಲಿದ್ದೀರಿ, ಬರುವ ವರ್ಷ ಅಲ್ಲಿನ ಬೇಟೆ ಕಂಪನಿಯೊಂದರ ಜೊತೆ ಪರವಾನಗಿ ಪಡೆದು ಕೇಪ್ ಎಮ್ಮೆಯ (ಆಫ್ರಿಕಾದ ಕಾಡೆಮ್ಮೆ) ಬೇಟೆಗೆ ಹೋಗುವವರಿದ್ದೀರಿ, ಅದಕ್ಕೆ ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟೆಂಬ ಸರಳನ್ನು ಕೈಯಿಂದ ಹಿಂದೆಳೆದು ಮುಂದೆ ತಳ್ಳುವಂಥದು) ಕೊಳ್ಳಬೇಕೋ ಡಬಲ್ (ಎರಡು ನಳಿಗೆಯ ರೈಫಲ್) ಕೊಳ್ಳಬೇಕೋ ಅನ್ನುವುದು ಮೊದಲನೆಯದು. ಯಾದಗಿರಿಯ ಮನೆಯಲ್ಲಿ ಅಜ್ಜನವರ, ನಿಜಾಮರ ಕಾಲದ ಜೋಡುನಳಿಗೆ ಬಂದೂಕು ಇದೆ, ಅದು ಕೆಲಸಕ್ಕೆ ಬಂದೀತೇ ಅನ್ನುವುದು ಎರಡನೆಯದು.

ಮೊದಲನೆಯದಕ್ಕೆ ನೇರ ಉತ್ತರ: .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಬೋರಿನ (ಬೋರು ಅಂದರೆ ನಳಿಗೆಯ ಒಳ ಅಳತೆ) ಬೋಲ್ಟ್ ರೈಫಲ್, ಮೇಲೊಂದು ಕಡಿಮೆ ಪವರಿನ ಸ್ಕೋಪು. ಡಬಲ್ ಕೆಟ್ಟದ್ದಂತ ಈ ಮಾತು ಹೇಳುತ್ತಿಲ್ಲರೀ. ನಿಮ್ಮ ಪಾಲಿಗೆ ಬರುವ ಕೆಲಸ ಬೇರೆ, ಡಬಲ್ ಹುಟ್ಟಿದ ಕೆಲಸ ಬೇರೆ.

ಇಂಥ ಬೇಟೆಯಲ್ಲಿ ನಿಮ್ಮ ಪಕ್ಕದಲ್ಲಿ ವೃತ್ತಿಪರ ಬೇಟೆಗಾರನೊಬ್ಬ ನಿಂತಿರುತ್ತಾನೆ. ಗಾಯಗೊಂಡ ಕೋಣ ಪೊದೆಯಿಂದ ಹೊರಬಿದ್ದು ಹತ್ತು ಹೆಜ್ಜೆ ದೂರದಲ್ಲಿ ಮೈಮೇಲೆ ಬಂದರೆ ಅದನ್ನು ನಿಲ್ಲಿಸುವುದು ಅವನ ಜವಾಬ್ದಾರಿ. ಅದಕ್ಕೇ ಅವರಲ್ಲಿ ಅನೇಕರ ಹೆಗಲ ಮೇಲೆ ದೊಡ್ಡ ಬೋರಿನ .470 ಅಥವಾ .500 ನೈಟ್ರೋ ಎಕ್ಸ್‌ಪ್ರೆಸ್ ಡಬಲ್ ಕಾಣುತ್ತದೆ. ನಿಮ್ಮ ಜವಾಬ್ದಾರಿ ಮೊದಲ ಗುಂಡು. ಅದು 40ರಿಂದ 80 ಮೀಟರ್ ದೂರದಲ್ಲಿ, ಮೂರುಗಾಲಿನ ಕೋಲಿನ ಮೇಲೆ ಬಂದೂಕು ಇಟ್ಟು, ಹುಲ್ಲಿನ ಸಂದಿಯಲ್ಲಿ, ಹಿಂಡಿನ ನಡುವೆ ನಿಂತ ಕೋಣಕ್ಕೆ ಹೊಡೆಯುವ ಗುಂಡು. 600ರಿಂದ 800 ಕಿಲೋ ತೂಗುವ ಈ ಪ್ರಾಣಿ ಮೊದಲ ಗುಂಡು ತಪ್ಪಿದ ಜಾಗಕ್ಕೆ ಬಿದ್ದರೆ ಆಮೇಲೆ ನಾಲ್ಕೈದು ಗುಂಡು ತಿಂದರೂ ಬೀಳದೆ ಓಡುತ್ತದೆ. ಆ ಮೊದಲ ಗುಂಡನ್ನು ಇಟ್ಟಲ್ಲಿಗೇ ಇಡುವುದರಲ್ಲಿ ಸ್ಕೋಪು ಕೂರಿಸಿದ ಬೋಲ್ಟ್ ರೈಫಲ್ ಮುಂದಿದೆ.

.375 ಹುಟ್ಟಿದ್ದು 1912ರಲ್ಲಿ. 300 ಗ್ರೇನ್, ಅಂದರೆ ಹತ್ತಿರ ಹತ್ತಿರ 19.5 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2500 ಅಡಿ ವೇಗದಲ್ಲಿ ಕಳಿಸುತ್ತದೆ. ಆಫ್ರಿಕಾದ ಹೆಚ್ಚಿನ ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ ಕಾನೂನು ಕೇಳುವ ಕನಿಷ್ಠ ಬೋರು ಇದೇ. .416 ರಿಗ್ಬಿ (400 ಗ್ರೇನ್, ಸುಮಾರು 2400 ಅಡಿ) ಇದಕ್ಕಿಂತ ಜೋರು ಹೌದು, ಆದರೆ ಒದೆತವೂ ಜೋರು. ಸಾಮಾನ್ಯ ಬೇಟೆ ರೈಫಲ್ಲಾದ .30-06ರ ಒದೆತ 20 ಅಡಿ-ಪೌಂಡ್ ಅಂತ ಹಿಡಿದರೆ .375ರದು 40ರ ಆಸುಪಾಸು, .470 ಡಬಲ್ಲಿನದು 60ರ ಮೇಲೆ. ದೊಡ್ಡ ಬೋರು ಹೊಸದಾಗಿ ಹಿಡಿಯುವವರು 60ರ ಒದೆತಕ್ಕೆ ಕಣ್ಣು ಮುಚ್ಚುತ್ತಾರೆ, ಘೋಡಾವನ್ನು (ಟ್ರಿಗರ್) ಮೆಲ್ಲಗೆ ಎಳೆಯುವ ಬದಲು ಜಗ್ಗುತ್ತಾರೆ. ಗುಂಡು ಎದೆ ಬಿಟ್ಟು ಹೊಟ್ಟೆಗೆ ಹೋಗುವುದು ಅಲ್ಲಿಯೇ.

ಬೋಲ್ಟ್ ರೈಫಲ್ ತಗೊಳ್ಳುವಾಗ ಹೊಳಪು ನೋಡಬ್ಯಾಡ್ರಿ, ಕೊಕ್ಕೆ ನೋಡ್ರಿ. 1898ರ ಮೌಸರ್ ವಿನ್ಯಾಸದಲ್ಲಿ ಬೋಲ್ಟಿನ ಪಕ್ಕಕ್ಕೆ ಉದ್ದನೆಯ ಅಗಲ ಕೊಕ್ಕೆ ಇರುತ್ತದೆ. ಕಾಡತೂಸು ಮ್ಯಾಗಝೀನಿನಿಂದ ಮೇಲೇಳುವಾಗಲೇ ಅದರ ಅಂಚನ್ನು ಈ ಕೊಕ್ಕೆ ಹಿಡಿದುಕೊಳ್ಳುತ್ತದೆ, ಹೊರಗೆ ಎಸೆಯುವ ತನಕ ಬಿಡುವುದಿಲ್ಲ. ಬಂದೂಕು ಓರೆ ಇರಲಿ, ನೀವು ನೆಲಕ್ಕೆ ಬಿದ್ದೇ ಇರ್ರಿ, ಕಾಡತೂಸು ಜಾರುವುದಿಲ್ಲ. ಕೊಕ್ಕೆ ಚಿಕ್ಕದಿದ್ದು ಕಾಡತೂಸನ್ನು ಬರೀ ಮುಂದಕ್ಕೆ ತಳ್ಳುವ ಜಾತಿಯ ಬೋಲ್ಟಿನಲ್ಲಿ (ರೆಮಿಂಗ್ಟನ್ 700 ಇದೇ ಜಾತಿ) ಗಾಬರಿಯಲ್ಲಿ ಅರ್ಧ ತಳ್ಳಿ ಮತ್ತೆ ಹಿಂದೆ ಎಳೆದರೆ ಮೊದಲನೆಯದು ಒಳಗೇ ಉಳಿದು, ಎರಡನೆಯದು ಅದರ ಬೆನ್ನಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ವಿಂಚೆಸ್ಟರ್ ಮಾಡೆಲ್ 70 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಜಾಗ್ರತೆ. 1964ರಲ್ಲಿ ಅವರು ಈ ಕೊಕ್ಕೆ ಕೈಬಿಟ್ಟಿದ್ದರು, 1990ರ ದಶಕದಲ್ಲಿ ಮತ್ತೆ ತಂದರು. ಹೆಸರು ಕೇಳಿ ದುಡ್ಡು ಎಣಿಸಬ್ಯಾಡ್ರಿ, ಬೋಲ್ಟ್ ಹೊರತೆಗೆಸಿ ಕಣ್ಣಾರೆ ನೋಡ್ರಿ.

ಮೌಸರ್ ಜಾತಿಯ ಕೊಕ್ಕೆಗೂ ಒಂದು ನಿಯಮ ಉಂಟು. ಬಿಡಿ ಕಾಡತೂಸನ್ನು ನೇರ ಚೇಂಬರಿಗೆ (ನಳಿಗೆಯಲ್ಲಿ ಕಾಡತೂಸು ಕೂರುವ ಜಾಗ) ಹಾಕಿ ಬೋಲ್ಟ್ ಮುಚ್ಚಲು ಹೋಗಬಾರದು. ಅನೇಕ ರೈಫಲ್ಲುಗಳಲ್ಲಿ ಕೊಕ್ಕೆ ಅಂಚಿನ ಮೇಲೆ ಹತ್ತುವುದಿಲ್ಲ, ಹತ್ತಿದರೂ ಒಂದು ದಿನ ಮುರಿಯುತ್ತದೆ. ಮ್ಯಾಗಝೀನಿಗೆ ಒತ್ತಿ, ಅಲ್ಲಿಂದಲೇ ಮೇಲೆ ತಗೋರಿ.

ಬೋಲ್ಟಿನ ದೊಡ್ಡ ತೊಂದರೆ ಕೈಯಲ್ಲಿದೆ, ಕಬ್ಬಿಣದಲ್ಲಿಲ್ಲ. .375ರ ಕಾಡತೂಸು ಉದ್ದ, ಬೋಲ್ಟಿನ ಓಟವೂ ಉದ್ದ. ಗಾಬರಿಯಾದವನು ಪೂರ್ತಿ ಹಿಂದಕ್ಕೆ ಎಳೆಯುವುದಿಲ್ಲ. ಖಾಲಿ ಕೋಶ ಹೊರಬೀಳುತ್ತದೆ, ಆದರೆ ಬೋಲ್ಟ್ ಮುಂದಿನ ಕಾಡತೂಸಿನ ಹಿಂದಕ್ಕೆ ಬಂದಿರುವುದಿಲ್ಲ, ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಳ್ಳುತ್ತದೆ. ಮುಂದಿನ ಘೋಡಾಕ್ಕೆ ಬರೀ ಟಿಕ್ ಅನ್ನುವ ಸದ್ದು. ಇದಕ್ಕೆ ಔಷಧ ಒಂದೇ: ಡಮ್ಮಿ ಕಾಡತೂಸು ಹಾಕಿ, ಬಂದೂಕನ್ನು ಹೆಗಲಿನಿಂದ ಇಳಿಸದೆ, ಬೋಲ್ಟ್ ತಡೆಗೆ ಬಡಿಯುವ ಹಾಗೆ ಜೋರಾಗಿ ಎಳೆದು ತಳ್ಳುವ ಅಭ್ಯಾಸ. ದಿನಾ ಇಪ್ಪತ್ತು ಸಲ, ಎರಡು ತಿಂಗಳು. ನಿಧಾನಕ್ಕೆ, ನಾಜೂಕಾಗಿ ಎಳೆದರೆ ಕೋಶ ಹೊರಗೆ ಹಾರುವುದೂ ಇಲ್ಲ.

ಇನ್ನೆರಡು ಕಡೆ ಬೆರಳಿಟ್ಟು ನೋಡ್ರಿ. ಮ್ಯಾಗಝೀನಿನ ತಳದ ಮುಚ್ಚಳ ಒದೆತಕ್ಕೆ ತೆರೆದುಕೊಂಡು ಕಾಡತೂಸೆಲ್ಲ ನೆಲಕ್ಕೆ ಸುರಿಯುವ ರೈಫಲ್ಲುಗಳಿವೆ. ತುಂಬಿದ ಮ್ಯಾಗಝೀನಿನಲ್ಲಿ ಹೊಡೆದು ಪರೀಕ್ಷಿಸಬೇಕು. ಕಟ್ಟಿಗೆಯ ದಸ್ತೆ (ಹೆಗಲಿಗೆ ಆನಿಸುವ ಹಿಡಿ) ಬೋಲ್ಟಿನ ಹಿಂದೆ ಸೀಳಿದೆಯೇ, ಅದು ಸೀಳದಂತೆ ಹಾಕುವ ಅಡ್ಡ ತಿರುಪುಗಳು ಇವೆಯೇ ನೋಡಬೇಕು.

ಸ್ಕೋಪು 1-4 ಅಥವಾ 1-6 ಪವರಿನದು ಸಾಕು. ಕಣ್ಣಿಗೂ ಸ್ಕೋಪಿಗೂ ಕನಿಷ್ಠ ಮೂರೂವರೆ ಇಂಚು ಅಂತರ ಸಿಗಬೇಕು, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ. ಪೊದೆಯಲ್ಲಿ ಹುಡುಕುವಾಗ ಪವರ್ ಒಂದರಲ್ಲೇ ಇರಲಿ. ಕಳಚಿ ಕೂರಿಸಬಹುದಾದ ಮೌಂಟು ಹಾಕಿಸಿ, ನಳಿಗೆಯ ಮೇಲಿನ ಗುರಿಕಣ್ಣನ್ನೂ 50 ಮೀಟರಿಗೆ ಹೊಂದಿಸಿಡ್ರಿ. ಅಗಲವಾದ ಆಳವಿಲ್ಲದ ವಿ ಆಕಾರದ ಕಂಡಿ ಹಿಂದೆ, ದಪ್ಪ ಬಿಳಿ ಮಣಿ ಮುಂದೆ. ಸ್ಕೋಪು ಒಡೆದ ದಿನ ಅದೇ ಕೈಹಿಡಿಯುತ್ತದೆ.

ಈಗ ಡಬಲ್. ಇದು ಒಂದೇ ದಸ್ತೆಗೆ ಕೂಡಿಸಿದ ಎರಡು ರೈಫಲ್. ಎರಡು ನಳಿಗೆ, ಎರಡು ಲಾಕು (ಸಿಡಿಸುವ ಯಂತ್ರ), ಎರಡು ಘೋಡಾ, ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಎರಡನೆಯ ಗುಂಡಿಗೆ ಬೆರಳು ಸರಿಸಿದರೆ ಸಾಕು, ಕೈ ಎತ್ತುವುದಿಲ್ಲ, ಸದ್ದಿಲ್ಲ. ಆ ಎರಡನೆಯ ಗುಂಡಿನಷ್ಟು ಬೇಗ ಯಾವ ಬೋಲ್ಟೂ ಕೊಡಲಾರದು. ಆದರೆ ಮೂರನೆಯದು ಬೇಕಾದಾಗ ಬಂದೂಕು ಮುರಿದು (ಕೀಲಿನಲ್ಲಿ ಮಡಚಿ ತೆರೆದು), ಕೋಶ ತೆಗೆದು, ಎಡಗೈ ಬೆರಳ ಸಂದಿಯಲ್ಲಿ ಹಿಡಿದ ಎರಡು ಕಾಡತೂಸು ಹಾಕಬೇಕು. ಬೋಲ್ಟಿನವನ ಮ್ಯಾಗಝೀನಿನಲ್ಲಿ ಆಗ ಇನ್ನೂ ಒಂದೆರಡು ಇರುತ್ತವೆ.

ಡಬಲ್ಲಿನ ಬೆಲೆಯ ಗುಟ್ಟು, ಅದರ ತಲೆನೋವಿನ ಗುಟ್ಟು ಎರಡೂ ನಳಿಗೆಗಳನ್ನು ಒಂದೇ ಗುರಿಗೆ ಕೂಡಿಸುವುದರಲ್ಲಿದೆ. ಎರಡು ನಳಿಗೆಗಳು ಸಮಾನಾಂತರವಾಗಿ ಇರುವುದಿಲ್ಲ, ಬಾಯಿಯ ಕಡೆ ಹತ್ತಿರವಾಗುತ್ತ ಹೋಗುತ್ತವೆ. ಯಾಕೆಂದರೆ ಬಲ ನಳಿಗೆ ಸಿಡಿದಾಗ, ಗುಂಡು ಇನ್ನೂ ಒಳಗಿರುವಾಗಲೇ, ಬಂದೂಕು ಬಲಕ್ಕೂ ಮೇಲಕ್ಕೂ ತಿರುಗುತ್ತದೆ, ಎಡದ್ದು ಎಡಕ್ಕೆ. ಕುಶಲಕರ್ಮಿ ಗುಂಡು ಹೊಡೆದು ನೋಡಿ, ಬಾಯಿಯ ಹತ್ತಿರದ ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಹೊಡೆದು, ಮತ್ತೆ ಸರಿಸಿ, ಎರಡೂ ಕೂಡಿದ ಮೇಲೆ ಬೆಸುಗೆ ಹಾಕುತ್ತಾನೆ. ಅಂದರೆ ಆ ಬಂದೂಕು ಒಂದು ತೂಕದ ಗುಂಡಿಗೆ, ಒಂದು ವೇಗಕ್ಕೆ ಮಾತ್ರ ಒಗ್ಗಿರುತ್ತದೆ. ನಿಧಾನದ ಕಾಡತೂಸು ಹಾಕಿದರೆ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಉಳಿದು ಎರಡೂ ಹೊರಗಡೆಗೆ ಅಗಲುತ್ತವೆ. ವೇಗದ್ದು ಹಾಕಿದರೆ ಒಂದನ್ನೊಂದು ದಾಟಿ ಬಲದ್ದು ಎಡಕ್ಕೆ ಬೀಳುತ್ತದೆ. ಅಂಗಡಿಯಲ್ಲಿ ಸಿಕ್ಕ ಯಾವುದೋ ಬ್ರಾಂಡ್ ತಂದು ಹಾಕಿ ‘ಬಂದೂಕು ಸರಿಯಿಲ್ಲ’ ಅನ್ನುವವರ ತೊಂದರೆ ಬಹಳ ಸಲ ಇದೇ.

ಪರೀಕ್ಷಿಸುವಾಗ ಬಲ, ಎಡ ಎಂದು ಜೋಡಿಯಾಗಿ ಬೇಗ ಹೊಡೆದು, ನಳಿಗೆ ಪೂರ್ತಿ ತಣ್ಣಗಾದ ಮೇಲೆ ಮುಂದಿನ ಜೋಡಿ ಹೊಡೆಯಬೇಕು. ಬಂದೂಕಿನ ಕೆಳಗೆ ನಿಮ್ಮ ಕೈ ಇರಲಿ, ಗಟ್ಟಿ ಚೀಲದ ಮೇಲೆ ನಳಿಗೆ ಒರಗಿಸಿದರೆ ಗುಂಡು ಬೇರೆ ಕಡೆ ಹೋಗುತ್ತದೆ. ಒಂದು ಘೋಡಾ ಎಳೆದಾಗ ಎರಡೂ ಸಿಡಿದರೆ ಕೂಡಲೇ ನಿಲ್ಲಿಸ್ರಿ. ಲಾಕು ಸವೆದಿರಬಹುದು, ಇಲ್ಲವೇ ಒದೆತಕ್ಕೆ ನಿಮ್ಮ ಬೆರಳು ಹಿಂದಿನ ಘೋಡಾಕ್ಕೆ ಬಡಿದಿರಬಹುದು. ಎರಡೂ ಸಂಶಯವನ್ನು ಬಂದೂಕು ಮಿಸ್ತ್ರಿ ತೀರಿಸಿಕೊಡಬೇಕು.

.470 ಡಬಲ್ಲಿನ ತೂಕ ಸುಮಾರು 5 ಕಿಲೋ. ಹೊಸ ಜರ್ಮನ್ ಡಬಲ್ಲಿಗೆ ಹತ್ತು ಸಾವಿರ ಡಾಲರಿಗಿಂತ ಎಷ್ಟೋ ಮೇಲೆ, ಇಂಗ್ಲೆಂಡಿನದಕ್ಕೆ ಅದರ ಹಲವು ಪಟ್ಟು. ಅದೇ ಹಣದಲ್ಲಿ ಒಳ್ಳೆಯ ಬೋಲ್ಟ್ ರೈಫಲ್, ಸ್ಕೋಪು, ಅಭ್ಯಾಸದ ಕಾಡತೂಸು ಎಲ್ಲ ಬಂದು ಬೇಟೆಯ ಖರ್ಚಿಗೂ ಉಳಿಯುತ್ತದೆ.

ಗುಂಡಿನ ಆಯ್ಕೆ ಬಂದೂಕಿನಷ್ಟೇ ಮುಖ್ಯ. ಮೊದಲ ಗುಂಡು ಬಡಿದಾಗ ಮೂತಿ ಅರಳುವಂಥದು, ಆದರೆ ಒಡೆದು ಚೂರಾಗದ ಗಟ್ಟಿ ಜಾತಿಯದು: ಸ್ವಿಫ್ಟ್ ಎ-ಫ್ರೇಮ್, ಬಾರ್ನ್ಸ್ ಟಿಎಸ್‌ಎಕ್ಸ್ ಇಂಥವು. ಹಿಂಡಿನಲ್ಲಿ ಘನ ಗುಂಡು (ಮೂತಿ ಅರಳದಂಥದು) ಹಾರಿಸಿದರೆ ಅದು ಕೋಣವನ್ನು ದಾಟಿ ಹಿಂದೆ ನಿಂತ ಎಮ್ಮೆಗೆ ತಗಲುತ್ತದೆ, ಆಗ ಗಾಯಾಳು ಎರಡು. ಮ್ಯಾಗಝೀನಿನಲ್ಲಿ ಕೆಳಗೆ ಘನ ಗುಂಡು ಇರಲಿ, ಬೆನ್ನು ತಿರುಗಿಸಿ ಓಡುವಾಗ ಹಿಂದಿನಿಂದ ಎದೆಯ ತನಕ ಹೋಗುವುದು ಅದೇ. ಪಕ್ಕಕ್ಕೆ ನಿಂತ ಕೋಣದ ಮುಂಗಾಲಿನ ಗೆರೆ ಹಿಡಿದು, ಮೈಯ ಎತ್ತರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗಕ್ಕೆ ಇಡ್ರಿ. ಎಮ್ಮೆಯ ಹೃದಯ ನಾವು ಅಂದುಕೊಂಡದ್ದಕ್ಕಿಂತ ಕೆಳಗಿದೆ. ಮೇಲೆ ಹೊಡೆಯುವುದೇ ಹೊಸಬರ ಸಾಮಾನ್ಯ ತಪ್ಪು. ಹೊಡೆದ ಮೇಲೆ ನೋಡುತ್ತ ನಿಲ್ಲಬ್ಯಾಡ್ರಿ, ಅದು ಕಣ್ಣಿಗೆ ಕಾಣುವಷ್ಟು ಹೊತ್ತೂ ಹೊಡೀತಾ ಇರ್ರಿ.

ಅಭ್ಯಾಸದಲ್ಲಿ ಒಂದು ದಿನಕ್ಕೆ ಪೂರ್ತಿ ಜೋರಿನ ಹತ್ತು ಗುಂಡಿಗಿಂತ ಹೆಚ್ಚು ಬೇಡ. ಉಳಿದದ್ದನ್ನು ಸಣ್ಣ .22 ರೈಫಲ್ಲಿನಲ್ಲಿ, ನಿಂತು, ಕೋಲಿನ ಮೇಲೆ ಇಟ್ಟು ಮಾಡ್ರಿ. ಬೆಂಚಿನ ಮೇಲೆ ಕೂತು ಹೊಡೆಯುವುದು ಸ್ಕೋಪು ಹೊಂದಿಸುವಷ್ಟಕ್ಕೆ ಸಾಕು.

ಇನ್ನು ಅಜ್ಜನ ಬಂದೂಕು. ಮೊದಲು ಅದು ರೈಫಲ್ ಹೌದೋ ಅಲ್ಲೋ ನೋಡ್ರಿ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಹಳೆಯ ಮನೆಗಳಲ್ಲಿ ‘ಜೋಡುನಳಿಗೆ’ ಅಂದರೆ ಹೆಚ್ಚಾಗಿ 12 ಬೋರಿನ ಛರ್ರೆಯ (ಸಣ್ಣ ಗುಂಡುಗಳ) ಬಂದೂಕು. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಮುರಿದು, ಬೆಳಕಿಗೆ ಹಿಡಿದು ನಳಿಗೆ ನೋಡಿದರೆ ಸುರುಳಿ ಗೆರೆ ಉದ್ದಕ್ಕೂ ಇದ್ದರೆ ರೈಫಲ್, ನುಣ್ಣಗಿದ್ದರೆ ಅಲ್ಲ, ಬಾಯಿಯ ಹತ್ತಿರದ ಕೆಲವು ಇಂಚಿನಲ್ಲಿ ಮಾತ್ರ ಗೆರೆ ಇದ್ದರೆ ಪ್ಯಾರಡಾಕ್ಸ್ ಜಾತಿ. ಕೊನೆಯ ಎರಡನ್ನೂ ಕೇಪ್ ಎಮ್ಮೆಯ ಮುಂದೆ ಒಯ್ಯುವಂತಿಲ್ಲ.

ರೈಫಲ್ಲೇ ಆಗಿದ್ದು ಹೊರಗೆ ಕಾಣುವ ಕುದುರೆಗಳಿದ್ದರೆ (ಬಡಿದು ಸಿಡಿಸುವ ಸುತ್ತಿಗೆಗಳು) ಇನ್ನೂ ಎಚ್ಚರ ಬೇಕು. .450 ಮತ್ತು .500 ಬೋರಿನಲ್ಲಿ ಕರಿಮದ್ದಿನ ಎಕ್ಸ್‌ಪ್ರೆಸ್ಸಿಗೂ ಆಮೇಲೆ ಬಂದ, ಹೊಗೆಯಿಲ್ಲದ ಜೋರು ಮದ್ದಿನ ನೈಟ್ರೋ ಎಕ್ಸ್‌ಪ್ರೆಸ್ಸಿಗೂ ಕೋಶದ ಅಳತೆ ಒಂದೇ ಇದ್ದವು. ಇವತ್ತಿನ ನೈಟ್ರೋ ಕಾಡತೂಸು ಆ ಹಳೆಯ ನಳಿಗೆಯಲ್ಲಿ ಸಲೀಸಾಗಿ ಕೂರುತ್ತದೆ, ಹೊಡೆದರೆ ನಳಿಗೆ ಸಿಡಿಯಬಹುದು. ಮುಂಗಟ್ಟಿಗೆ (ನಳಿಗೆಯ ಕೆಳಗಿನ ಕಟ್ಟಿಗೆ) ತೆಗೆದು ನಳಿಗೆಯ ತಳದ ಚಪ್ಪಟೆ ಭಾಗ ಓದ್ರಿ. ಇಂಗ್ಲೆಂಡಿನವರು ಅಲ್ಲಿ ಮದ್ದಿನ ಹೆಸರು, ತೂಕ, ಗುಂಡಿನ ತೂಕ ಕೆತ್ತುತ್ತಿದ್ದರು. ‘ಕಾರ್ಡೈಟ್ 75, ಗುಂಡು 500’ ಎಂಬ ಅರ್ಥದ ಬರಹವಿದ್ದರೆ ಅದು .470 ಇರುವ ಸಾಧ್ಯತೆ ಹೆಚ್ಚು. ಕಾರ್ಡೈಟ್ ಬಿಸಿಗೆ ಒತ್ತಡ ಏರಿಸುವ ಮದ್ದು. ನಮ್ಮ ಮೇ ತಿಂಗಳಿನಂಥ ಬಿಸಿಲಿನಲ್ಲೂ ಕೋಶ ಸಿಕ್ಕಿಹಾಕಿಕೊಳ್ಳದಿರಲೆಂದೇ ನೈಟ್ರೋ ಎಕ್ಸ್‌ಪ್ರೆಸ್ ಕೋಶಗಳನ್ನು ದೊಡ್ಡದಾಗಿ, ಕಡಿಮೆ ಒತ್ತಡಕ್ಕೆ ಮಾಡಿದ್ದರು. ಬಂದೂಕಿನ ಜೊತೆ ಉಳಿದ ಹಳೆಯ ಕಾಡತೂಸು ಹೊಡೆಯಬ್ಯಾಡ್ರಿ. ಘೋಡಾ ಎಳೆದ ಮೇಲೆ ತಡವಾಗಿ ಸಿಡಿಯುವ ಭಯ ಅವುಗಳಲ್ಲಿದೆ. ಹಳೆಯ ತೆಳು ನಳಿಗೆಗೆ ಇವತ್ತಿನ ಒಂದೇ ಲೋಹದ ಘನ ಗುಂಡೂ ಒಳ್ಳೆಯದಲ್ಲ, ಗೆರೆಗಳ ಅಚ್ಚು ನಳಿಗೆಯ ಹೊರಮೈಗೆ ಎದ್ದು ಕಾಣತೊಡಗುತ್ತದೆ, ನಡುಪಟ್ಟಿಯ ಬೆಸುಗೆ ಬಿಡುತ್ತದೆ.

ಎಲ್ಲ ಸರಿ ಇದ್ದರೂ ಅದನ್ನು ಟಾಂಜಾನಿಯಾಕ್ಕೆ ಒಯ್ಯುವ ಗೋಜು ನಾನು ಬೇಡ ಅಂತೀನಿ. ಮೊದಲು ಇಲ್ಲಿನ ಕಾಗದ ಸರಿ ಮಾಡಿಕೋರಿ. ಲೈಸೆನ್ಸ್ ಅಜ್ಜನವರ ಹೆಸರಿನಲ್ಲೇ ಉಳಿದಿದ್ದರೆ ವಾರಸುದಾರರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. 2019ರ ತಿದ್ದುಪಡಿಯ ಪ್ರಕಾರ ವಾರಸಿನಿಂದ ಬಂದದ್ದೂ ಸೇರಿ ಒಬ್ಬರ ಬಳಿ ಎರಡೇ ಬಂದೂಕು ಇರಬಹುದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಲ್ಲಿ ಈಗ ಬೇಟೆಯೆಂಬುದಿಲ್ಲ. ತೊಗರಿ ಹೊಲಕ್ಕೆ ಹಂದಿ ನುಗ್ಗಿದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಊರಿನ ಮಂದಿ ‘ಬಂದೂಕು ಇದೆಯಲ್ಲ’ ಅಂತ ಕೇಳಿಕೊಂಡು ಬಂದರೆ ಮನೆಯವರಿಗೆ ಇದನ್ನು ಸ್ಪಷ್ಟವಾಗಿ ಹೇಳಿಟ್ಟಿರ್ರಿ.

ಟಾಂಜಾನಿಯಾದಲ್ಲಿ ಬೇಟೆ ಕಂಪನಿಯವರು ಬಾಡಿಗೆಗೆ .375 ಕೊಡುತ್ತಾರೋ ಕೇಳ್ರಿ, ಅನೇಕರು ಕೊಡುತ್ತಾರೆ. ಹಾಗೆ ಸಿಕ್ಕರೆ ಈ ಸಲ ಕೊಳ್ಳುವ ಅವಸರವೂ ಬೇಡ. ನಳಿಗೆಯ ಚಪ್ಪಟೆ ಭಾಗದ ಬರಹ ಓದಲಾಗದಿದ್ದರೆ, ಸೀರಿಯಲ್ ನಂಬರ್ ಮುಚ್ಚಿ ಅದರ ಫೋಟೋ ಇಲ್ಲೇ ಕೆಳಗೆ ಹಾಕ್ರಿ, ಯಾವ ಬೋರು, ಯಾವ ಮದ್ದಿನದು ಅಂತ ನೋಡಿ ಹೇಳ್ತೀನಿ.