ಎಂಟು ಸ್ಯಾಕ್ಸೊಫೋನ್‌ಗೆ ಮೊಜಾರ್ಟ್ ಸೆರನೇಡ್

ಪ್ರಶ್ನೆ: ನಮ್ಮ ತಂಡದಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಸ್ಯಾಕ್ಸೊಫೋನ್ ತಲಾ ಎರಡಿವೆ. ಮೊಜಾರ್ಟ್ 1782ರ ಸುಮಾರಿಗೆ ಎಂಟು ಊದುವಾದ್ಯಗಳಿಗೆ ಬರೆದ ಸಿ ಮೈನರ್ ಸೆರನೇಡ್ (ಅವನ ಕೃತಿಪಟ್ಟಿಯಲ್ಲಿ ಕೆ. 388) ಹೊಂದಿಸಿಕೊಂಡಿದ್ದೇವೆ. ಓಬೊ ಸಾಲು ಸೊಪ್ರಾನೊಗೆ, ಕ್ಲಾರಿನೆಟ್ ಆಲ್ಟೊಗೆ, ಹಾರ್ನ್ ಟೆನರ್‌ಗೆ, ಬಸೂನ್ ಬ್ಯಾರಿಟೋನ್‌ಗೆ. ಸ್ವರಗಳೆಲ್ಲ ಸರಿ ಇವೆ, ಆದರೆ ಕೇಳಲು ಎಲ್ಲ ಕಲಸಿಹೋದಂತಿದೆ. ಶ್ರುತಿ ಬದಲಿಸಬೇಕಾ?

ಉತ್ತರ: ಶ್ರುತಿ ಮುಟ್ಟಬೇಡಿ. ಸಿ ಮೈನರ್ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಸ್ಯಾಕ್ಸೊಫೋನ್‌ನಲ್ಲಿ ಬರೆದ ಸ್ವರ ಒಂದು, ಕೇಳುವ ಸ್ವರ ಇನ್ನೊಂದು. ಹಾಗಾಗಿ ಆಲ್ಟೊ, ಬ್ಯಾರಿಟೋನ್‌ನವರು ಎ ಮೈನರ್ ಓದುತ್ತಾರೆ, ಸೊಪ್ರಾನೊ, ಟೆನರ್‌ನವರು ಡಿ ಮೈನರ್. ಬ್ಯಾರಿಟೋನ್‌ಗೆ ಕೆಳಗಿನ ಎ ಕೀಲಿ ಇದ್ದರೆ ಅದರಲ್ಲಿ ಕೇಳುವುದು ಸಿ ಸ್ವರವೇ. ಹಳೆಯ ವಾದ್ಯದಲ್ಲಿ ಆ ಕೀಲಿ ಇರುವುದಿಲ್ಲ, ಆಗ ಅಷ್ಟನ್ನು ಒಂದು ಆಕ್ಟೇವ್ ಮೇಲೆ ನುಡಿಸಿ.

ತೊಂದರೆ ಇರುವುದು ಬಣ್ಣದಲ್ಲಿ. ಮೂಲದಲ್ಲಿ ನಾಲ್ಕು ಬೇರೆ ಬೇರೆ ದನಿಗಳಿವೆ. ಓಬೊ ಕೇಳಿದ್ದಕ್ಕೆ ಕ್ಲಾರಿನೆಟ್ ಉತ್ತರ ಕೊಟ್ಟರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ನಿಮ್ಮಲ್ಲಿ ಎಂಟೂ ಒಂದೇ ಮನೆಯವು. ಹಾಗಾಗಿ ಆ ವ್ಯತ್ಯಾಸವನ್ನು ನೀವೇ ಬರೆದು ತರಬೇಕು.

ಮೊದಲು ಟೆನರ್ ಸಾಲು ನೋಡಿ. ನನ್ನ ಅಂದಾಜು, ಅರ್ಧ ಗೋಜಲು ಅಲ್ಲೇ ಇದೆ. ಆಗಿನ ಹಾರ್ನ್‌ಗೆ ಕವಾಟ ಇರಲಿಲ್ಲ, ಸಿಗುವ ಸ್ವರ ಕಡಿಮೆ. ಅದಕ್ಕೇ ಅದು ಒಂದೇ ಸ್ವರ ಹಿಡಿದು ಹಿಂದೆ ನಿಲ್ಲುತ್ತದೆ. ಹಾರ್ನ್‌ನಲ್ಲಿ ಅದು ಮಂಜಿನ ಹಾಗೆ ಕೇಳುತ್ತದೆ, ಟೆನರ್‌ನಲ್ಲಿ ಗೋಡೆಯಾಗುತ್ತದೆ. ಆ ಉದ್ದ ಸ್ವರಗಳಿಗೆ ಬೇರೆಯವರಿಗಿಂತ ಒಂದು ಹಂತ ಮೆಲ್ಲಗೆ ಎಂದು ಬರೆಯಿರಿ. ಸ್ವಲ್ಪ ಮೊದಲೇ ಬಿಡಲಿ. ತೀರಾ ಕೆಳಗಿನ ಸ್ವರ ಮೆಲ್ಲಗೆ ನುಡಿಸುವುದು ಟೆನರ್‌ಗೆ ಕಷ್ಟ ಅಲ್ವಾ, ಅದನ್ನು ಬ್ಯಾರಿಟೋನ್‌ಗೆ ದಾಟಿಸಿ. ಅವರಿಗದು ನಡುವಿನ, ಮೃದುವಾದ ಜಾಗ.

ಆಮೇಲೆ ಧೈರ್ಯವಾಗಿ ಅಳಿಸಿ. ಇಬ್ಬರು ಒಂದೇ ಸಾಲು ನುಡಿಸುವಲ್ಲಿ ಒಬ್ಬರು ಸುಮ್ನೆ ಇರಲಿ. ಒಂದು ಸೊಪ್ರಾನೊ ಕೇಳಿದ್ದಕ್ಕೆ ಎರಡು ಆಲ್ಟೊ ಉತ್ತರಿಸಿದರೂ ಸಾಕು, ಬಣ್ಣ ಬದಲಾಗುತ್ತದೆ. ಮೂಲಕ್ಕೆ ಅಪಚಾರ ಎಂದು ಹೆದರಬೇಡಿ. ಮೊಜಾರ್ಟನೇ ಇದನ್ನು ಎರಡು ಪಿಟೀಲು, ಎರಡು ವಯೋಲಾ, ಒಂದು ಚೆಲ್ಲೊಗೆ ಮತ್ತೆ ಬರೆದ. ಎಂಟು ಸಾಲು ಐದಾಯಿತು, ಶ್ರುತಿ ಮಾತ್ರ ಅದೇ. ಆ ಪ್ರತಿ ತರಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಯಾವುದನ್ನು ಬಿಟ್ಟ ಎಂದು ನೋಡುವುದೇ ದೊಡ್ಡ ಪಾಠ.

ಮುಂದಿನ ರಿಹರ್ಸಲ್‌ನಲ್ಲಿ ಮಿನುಯೆಟ್ ಎಂಬ ನೃತ್ಯಲಯದ ಭಾಗದಲ್ಲಿ ನಡುವೆ ಬರುವ ಟ್ರಿಯೊ ಒಂದನ್ನೇ ತೆಗೆದುಕೊಳ್ಳಿ. ಅಲ್ಲಿ ಓಬೊ, ಬಸೂನ್ ಮಾತ್ರ ಇವೆ. ಒಂದು ದನಿ ಏರಿದರೆ ಹಿಂದೆ ಬರುವ ದನಿ ಅದನ್ನೇ ತಲೆಕೆಳಗು ಮಾಡಿ ಇಳಿಯುತ್ತದೆ. ನಾಲ್ವರು ನುಡಿಸಲಿ, ಉಳಿದ ನಾಲ್ವರು ಎದುರು ಕೂತು ಕೇಳಲಿ.