ತೋಟದ ಕೆಲಸ, ಸೊಂಟ ನೋವು: ನನ್ನ ಅಭಿಪ್ರಾಯ
ತೋಟದಲ್ಲಿ ಕಳೆ ಕೀಳೋದು, ದರಗು (ಕಾಡಿನ ಒಣ ಎಲೆ) ಹೊರೋದು ಶುರುವಾದ್ರೆ ಸೊಂಟ ಹಿಡ್ಕೊಳುತ್ತೆ ಅಂತ ಪೋಸ್ಟಲ್ಲಿ ಬರೆದಿದ್ರಲ್ಲ ಸಾರ್, ನಮ್ಮ ತೀರ್ಥಳ್ಳಿ ಕಡೆನೂ ಈ ಟೈಮಲ್ಲಿ ಇದೇ ಕಥೆ. ಒಂದೇ ಸಮ ಬಗ್ಗಿರ್ಬೇಡಿ, ಅರ್ಧ ಗಂಟೆ ಕಳೆ ಕಿತ್ರೆ ಆಮೇಲೆ ನಿಂತು ಮಾಡೋ ಕೆಲಸ ಹಿಡೀರಿ, ಬುಟ್ಟಿ ಎತ್ತುವಾಗ ಮಂಡಿ ಮಡಚಿ ಮೈಗೆ ಒತ್ತಿಕೊಂಡು ಎತ್ತಿ, ಉಪ್ಪು ಹಾಕಿದ ಮಜ್ಜಿಗೆ ಜೊತೇಲಿರ್ಲಿ. ನೋವು ಕಾಲಿಗಿಳಿದು ಜೋಮು ಹಿಡಿದ್ರೆ ಕಾಯದೆ ಡಾಕ್ಟರ್ ಹತ್ರ ಹೋಗಿ.

ಆದ್ರೆ ನಂಗೆ ಸೊಂಟಕ್ಕಿಂತ ಹೆಚ್ಚು ಭಯ ಉಣುಗಿಂದು, ಅಂದ್ರೆ ಮೈಗೆ ಕಚ್ಚಿ ರಕ್ತ ಹೀರೋ ಉಣ್ಣೆ ಹುಳದ್ದು. ದರಗು ತರೋಕೆ ಕಾಡಿಗೆ ಹೋಗ್ತೀರಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡ, ಈ ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ಅನ್ನೋ ಜ್ವರ ಈಗ್ಲೂ ಬೇಸಿಗೇಲೇ ಜೋರು. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟು ಸಾಕ್ಸ್ ಒಳಗೆ ಸೇರಿಸಿ, ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ, ಬಟ್ಟೆನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಆಶಾ ಕಾರ್ಯಕರ್ತೆಗೆ ಹೇಳಿ, ಜ್ವರ ಬಂದ್ರೆ ಮಾತ್ರೆ ನುಂಗ್ಕೊಂಡು ತೋಟಕ್ಕೆ ಹೋಗ್ಬೇಡಿ ಪ್ಲೀಸ್, ಸೀದಾ ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗಿದ್ದೆ ಅಂತ ಹೇಳಿ.